ಕರ್ನಲ್ ಅಂದರೆ

"ಕಂಪ್ಯೂಟರಿನ್ಯಾಗ ಕರ್ನಲ್ ಅಂದ್ರ ಏನವಾ?" ಕಾರ್ಖಾನೆಯ ಸಾಹೇಬರು ಕೇಳಿದರು. ತೀರಿಹೋದ ಗಂಡನ ನೌಕರಿ ತನಗೆ ಕೇಳಿಕೊಂಡು ಅನ್ನಪೂರ್ಣಾ, ಅವನು ಕೆಲಸ ಮಾಡುತ್ತಿದ್ದ ದಾಂಡೇಲಿಯ ಕಂಪ್ಯೂಟರ್ ಕೋಣೆಯಲ್ಲಿ ಸಂದರ್ಶನಕ್ಕೆ ಕೂತಿದ್ದಳು. ಜ್ವರ ಅವನನ್ನು ಒಯ್ದಂದಿನಿಂದ ಅವಳಾಗಲಿ, ಜೊತೆಗೆ ಬಂದಿದ್ದ ಅತ್ತೆ ಗಿರಿಜಾಬಾಯಿಯಾಗಲಿ ಕಣ್ಣೀರು ಹಾಕಿರಲಿಲ್ಲ.

ಗಂಡ ಊಟಕ್ಕೆ ಕೂತಾಗ ಹೇಳಿಕೊಟ್ಟದ್ದನ್ನೇ ಅನ್ನಪೂರ್ಣಾ ಒಪ್ಪಿಸಿದಳು. "ಕಂಪ್ಯೂಟರಿನ ಯಜಮಾನಿಕಿ ಅದರದ್ರಿ. ಮೆಮೊರಿ ಆಗಲಿ ಪ್ರಿಂಟರ್ ಆಗಲಿ, ಯಾವ ಪ್ರೋಗ್ರಾಮೂ ತಾನ ಮುಟ್ಟಂಗಿಲ್ಲ, ಕರ್ನಲ್‌ನ್ನ ಕೇಳಬೇಕು. ನಮ್ಮ ಮನ್ಯಾಗ ಬೆಲ್ಲದ ಡಬ್ಬಿಗೆ ಅತ್ತಿಯವರನ್ನ ಕೇಳಿದಂಗ್ರಿ."

ಹೇಳಿಯಾದ ಮೇಲೆ, ಅತ್ತೆ ಪಕ್ಕದಲ್ಲೇ ಇದ್ದಾರೆಂದು ನೆನಪಾಯಿತು.

"ನನಗ ಹಂಗಂತಿದ್ನ, ಭಾಡ್ಯಾ! ಕೇಳದ ಕದ್ದು ತಿಂದಾಂವ ಅವನ!" ಗಿರಿಜಾಬಾಯಿ ಪಕ್ಕೆ ಹಿಡಿದುಕೊಂಡು ನಕ್ಕರು. ನಗುನಗುತ್ತಲೇ ಸೆರಗು ಮುಖಕ್ಕೆ ಹೋಯಿತು, ಹೆಗಲು ಅದುರತೊಡಗಿತು.

"ಪ್ರೊಸೆಸ್ ಅಂದ್ರ?" ಸಾಹೇಬರು ಮೆಲ್ಲಗೆ ಕೇಳಿದರು. ಉತ್ತರ ಅನ್ನಪೂರ್ಣಾಳಿಗೆ ಗೊತ್ತಿತ್ತು, ಅವನ ದನಿಯಲ್ಲೇ ಕಿವಿಯೊಳಗೆ ಕೇಳುತ್ತಿತ್ತು. ಅವಳೂ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.