ನಲ್ಲಿ ಮೂಲೆ

"ಏಯ್ ಪುಟ್ಟೀ, ಅಲ್ಲೇನ್ ಮಾಡ್ತಿದೀಯ? ಸಾಲಲ್ಲಿ ನಿಂತ್ಕೋ!" ಎಂದು ಡ್ರಿಲ್ ಮೇಷ್ಟ್ರು ಸಾಸಿವೆಯ ರಟ್ಟೆ ಹಿಡಿದು, ಮಿಡ್ಲ್ ಸ್ಕೂಲಿಗೆ ಹೊಸದಾಗಿ ಸೇರಿದ ಮಕ್ಕಳ ಸಾಲಿನ ತುದಿಯಲ್ಲಿ ನಿಲ್ಲಿಸಿಬಿಟ್ಟರು. ಅವಳು ಬಾಯಿ ತೆರೆಯುವಷ್ಟರಲ್ಲಿ ಸೀಟಿ ಊದಿಕೊಂಡು ಇನ್ನೊಂದು ಸಾಲಿನ ಕಡೆ ಹೋಗಿಯೂ ಆಗಿತ್ತು. ಅವಳ ಎದೆಯ ಮೇಲೆ 'ಮಾರ್ಗದರ್ಶಿ' ಎಂಬ ಬ್ಯಾಡ್ಜಿತ್ತು. ಅದನ್ನು ಓದಬೇಕೆಂದರೆ ಮನುಷ್ಯ ಸ್ವಲ್ಪ ಬಗ್ಗಬೇಕು. ಡ್ರಿಲ್ ಮೇಷ್ಟ್ರು ಬೇರೆಯವರನ್ನು ಬಗ್ಗಿಸುತ್ತಾರೆಯೇ ಹೊರತು ತಾವು ಬಗ್ಗುವವರಲ್ಲ.

ಏಳನೇ ಕ್ಲಾಸಿಗೆ ಬಂದಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಸಾಸಿವೆ ಎಂದು. ಮನೆಯಲ್ಲಿ ಕೊನೆಯವಳು, ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳಿ. ಬೀದಿಯಲ್ಲಿ ಅವಳಿಗಿಂತ ಚಿಕ್ಕದು ಅಂತ ಇದ್ದದ್ದು ಎದುರುಮನೆಯ ಕೂಸೊಂದೇ, ಅದಕ್ಕಿನ್ನೂ ಮಾತು ಬಂದಿರಲಿಲ್ಲ. ಸಿಕ್ಕಸಿಕ್ಕವರನ್ನೆಲ್ಲ ಅಕ್ಕ, ಅಣ್ಣ ಎಂದು ಕರೆದೂ ಕರೆದೂ ಅವಳ ನಾಲಿಗೆ ಸವೆದಿತ್ತು. ವಾಪಸ್ಸು ಅವಳನ್ನು ಹಾಗೆ ಕರೆದವರು ಒಬ್ಬರೂ ಇಲ್ಲ. ಹೊಸ ಮಕ್ಕಳಿಗೆ ಸ್ಕೂಲು ತೋರಿಸಲು ಅವಳನ್ನು ಆರಿಸುವಾಗ ಕ್ಲಾಸ್ ಟೀಚರು, "ಹೋದ ವರ್ಷ ನಿನ್ನಷ್ಟು ದಾರಿ ತಪ್ಪಿಸ್ಕೊಂಡೋರು ಇನ್ನೊಬ್ಬರಿಲ್ಲ. ಎಲ್ಲಾ ಮೂಲೆನೂ ನಿಂಗೇ ಗೊತ್ತು" ಎಂದಿದ್ದರು. ಅದು ಅವಳಿಗೆ ಬೈಗುಳವಾಗಿ ಕೇಳಿಸಲೇ ಇಲ್ಲ. ಇವತ್ತಾದರೂ ಯಾರಾದರೂ ಅಕ್ಕ ಅಂತಾರೆ ಎಂಬ ಖುಷಿಗೆ ಹಿಂದಿನ ರಾತ್ರಿ ಊಟವೇ ಸೇರಿರಲಿಲ್ಲ.

ಅವಳ ಪಾಲಿಗೆ ಬಂದ ಮಕ್ಕಳೋ, ಒಬ್ಬರಿಗಿಂತ ಒಬ್ಬರು ಉದ್ದ. ಎರಡು ಜಡೆಯ ಹುಡುಗಿಯೊಬ್ಬಳು ಅವಳ ಕೈ ಹಿಡಿದುಕೊಂಡು, "ಹೆದರ್ಕೋಬೇಡ ಪುಟ್ಟಾ, ನಾವೂ ಹೊಸಬರೇ" ಎಂದು ಧೈರ್ಯ ಹೇಳಿದಳು.

"ನಾನು ಹೊಸಬಳಲ್ಲ. ನಿಮಗೆ ಸ್ಕೂಲು ತೋರ್ಸೋಳೇ ನಾನು" ಎಂದು ಸಾಸಿವೆ ಬ್ಯಾಡ್ಜನ್ನು ಎತ್ತಿ ಹಿಡಿದಳು. ಎಲ್ಲರೂ ಬಗ್ಗಿ ಓದಿದರು. ಅಲ್ಲಿಯವರೆಗೆ ಎಲ್ಲಾ ಸರಿಯಾಗಿತ್ತು. ಮುಂದೆ ಹೊರಡಬೇಕು ಅನ್ನುವಾಗ, ತುಟಿಯ ಮೇಲೆ ಆಗಲೇ ಮೀಸೆ ಚಿಗುರುತ್ತಿದ್ದ ಉದ್ದನೆಯ ಹುಡುಗನೊಬ್ಬ ದಾರಿಗೆ ಅಡ್ಡ ನಿಂತಿದ್ದ. ಅವಳ ಹಾಳು ನಾಲಿಗೆ ತಾನಾಗಿಯೇ ಹೊರಳಿತು: "ಸ್ವಲ್ಪ ಜರುಗಿ ಅಣ್ಣಾ."

ಆಮೇಲೆ ಕೇಳಬೇಕೇ! "ಅಣ್ಣ ಅಂತೆ, ಅಣ್ಣ!" ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀಸೆಯ ಹುಡುಗನಂತೂ, "ಆಯ್ತು ತಂಗೀ, ಎಲ್ಲಿಗೆ ಹೋಗ್ಬೇಕು ಹೇಳು, ಎತ್ಕೊಂಡು ಹೋಗ್ತೀನಿ" ಎಂದ. ಸಾಸಿವೆಗೆ ನಾಚಿಕೆಯಿಂದ ಜೀವ ಹೋದಹಾಗಾಯಿತು. ಆದರೂ ನಡೆದಳು. ಇದು ಆಫೀಸು, ಇದು ಲೈಬ್ರರಿ, ಇಲ್ಲಿ ಗಂಟೆ ಹೊಡೆದರೆ ಟೀಚರು ನಿಮ್ಮ ಹತ್ತಿರ ಬರುವುದಿಲ್ಲ, ನೀವೇ ಬ್ಯಾಗು ಎತ್ತಿಕೊಂಡು ಅವರ ಕೋಣೆಗೆ ಓಡಬೇಕು ಎಂದೆಲ್ಲ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಲ್ಯಾಬಿನ ಹಿಂದೆ, ಮುರಿದ ಬೆಂಚುಗಳನ್ನು ಪೇರಿಸಿಟ್ಟ ಮೂಲೆಗೆ ಬಂದಾಗ ಅವಳ ಕಾಲು ಅಭ್ಯಾಸದಿಂದ ನಿಂತುಬಿಟ್ಟಿತು. ಗೋಡೆಯಲ್ಲೊಂದು ಹಳೇ ನಲ್ಲಿ, ಅದರಡಿ ಪಾಚಿಗಟ್ಟಿದ ತೊಟ್ಟಿ.

"ಇದೇನು ತಂಗೀ, ಇದನ್ನೂ ನೋಡ್ಬೇಕಾ ನಾವು?" ಮೀಸೆಯ ಹುಡುಗ ಕೇಳಿದ.

ಸಾಸಿವೆಗೆ ಸಾಕುಸಾಕಾಗಿತ್ತು. ಅಕ್ಕ ಅನ್ನಿಸಿಕೊಳ್ಳುವ ಆಸೆ ಲೈಬ್ರರಿ ಹತ್ತಿರವೇ ಬಿಟ್ಟುಹೋಗಿತ್ತು. ಇನ್ನು ಮುಚ್ಚಿಟ್ಟುಕೊಂಡು ಆಗಬೇಕಾದ್ದೇನು? "ಇದು ಅಳೋ ಜಾಗ" ಎಂದಳು. "ಹೋದ ವರ್ಷ ನಾನು ಇಲ್ಲೇ ಅಳ್ತಿದ್ದೆ. ನಲ್ಲಿ ಪೂರ್ತಿ ತಿರುಗಿಸಿದ್ರೆ ಹೊರಗೆ ಸದ್ದು ಕೇಳ್ಸಲ್ಲ."

ಯಾರೂ ನಗಲಿಲ್ಲ. ಎರಡು ಜಡೆಯವಳು ಮುಂದೆ ಬಂದು ನಲ್ಲಿ ತಿರುಗಿಸಿ ನೋಡಿದಳು. ಸದ್ದು ಚೆನ್ನಾಗಿಯೇ ಬಂತು.

"ಯಾವಾಗ್ಲೂ ನೀರಿರುತ್ತಾ?"

"ಮಧ್ಯಾಹ್ನದ ಮೇಲೆ ಸಣ್ಣಗಾಗುತ್ತೆ. ಅಳೋದಿದ್ರೆ ಬೆಳಗ್ಗೇನೇ ಮುಗಿಸ್ಕೋಬೇಕು."

"ಕಣ್ಣು ಕೆಂಪಗಾದ್ರೆ?"

"ಕಣ್ಣಿಗೆ ಸೋಪು ಹೋಯ್ತು ಅನ್ನು. ಇಲ್ಲಿ ಸೋಪಿಲ್ಲ ಅಂತ ಟೀಚರ್‌ಗಳಿಗೆ ಗೊತ್ತಿಲ್ಲ."

ಮೀಸೆಯ ಹುಡುಗ ಇಷ್ಟು ಹೊತ್ತೂ ತೊಟ್ಟಿಯನ್ನೇ ನೋಡುತ್ತಿದ್ದ. ತಲೆಯೆತ್ತದೆಯೇ, "ಅಲ್ಲ... ಆಮೇಲಾಮೇಲೆ ಅಳು ನಿಂತುಹೋಗುತ್ತಾ, ಅಕ್ಕಾ?" ಎಂದ.

ಸಾಸಿವೆಯ ಕಿವಿ ಬಿಸಿಯಾಯಿತು. ಖುಷಿಗೆ ಅಲ್ಲೇ ಕುಣಿದುಬಿಡೋಣ ಅನ್ನಿಸಿತು. ಆದರೆ ಅವಳು ಕಂಡ ಅಕ್ಕಂದಿರು ಯಾರೂ ಹಾಗೆಲ್ಲ ಕುಣಿಯುತ್ತಿರಲಿಲ್ಲ. "ನಿಲ್ಲುತ್ತೆ ಕಣೋ" ಎಂದಳು, ಸೊಂಟದ ಮೇಲೆ ಕೈಯಿಟ್ಟು. "ನಿಲ್ಲದೇ ಇದ್ರೆ ಬಂದು ನಂಗೆ ಹೇಳು."

ಅಷ್ಟರಲ್ಲಿ ಸೀಟಿ ಕೇಳಿಸಿತು, ಅದರ ಹಿಂದೆಯೇ ಡ್ರಿಲ್ ಮೇಷ್ಟ್ರು. "ಹೊಸ ಮಕ್ಕಳಿಗೆ ಇಲ್ಲೇನ್ರೋ ಕೆಲಸ? ಯಾರು ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು?"

"ಅಕ್ಕ, ಸಾರ್."

"ಯಾವ ಅಕ್ಕ? ಎಲ್ಲಿ ಅಕ್ಕ?" ಮೇಷ್ಟ್ರು ಮಕ್ಕಳ ತಲೆಯ ಮೇಲಿಂದ ಕತ್ತು ಚಾಚಿ ಅತ್ತ ಇತ್ತ ಹುಡುಕಿದರು.

ಮಕ್ಕಳೆಲ್ಲ ಬೆರಳನ್ನು ಕೆಳಕ್ಕೆ ತೋರಿಸಿದರು. ಡ್ರಿಲ್ ಮೇಷ್ಟ್ರು, ಬೇರೆ ದಾರಿಯಿಲ್ಲದೆ, ಬಗ್ಗಿದರು.