ಚಿಕ್ಕ ವಯಸ್ಸಿನ ಅಕ್ಕ

ಬಾದಾಮಿ ಬಸ್ಸಿನಲ್ಲಿ ಕಂಡಕ್ಟರ್, "ತಂಗೀ, ಅಜ್ಜಾರಿಗೆ ಕಿಟಕಿ ಬಿಟ್ಟುಕೊಡವಾ" ಎಂದ.

"ಅಕಿ ನಮ್ಮ ಅಕ್ಕ ರೀ," ಎಂದರು ನಿವೃತ್ತ ಮಾಸ್ತರ್ ಚನ್ನಮಲ್ಲಪ್ಪ. "ಕಿಟಕಿ ಮೊದಲಿಂದಾನೂ ಅಕೀದ."

"ಓ, ನೌಕೆಯವರೇನ್ರೀ," ಎಂದು ಕಂಡಕ್ಟರ್ ಮುಂದೆ ಹೋದ.

ಭೂಮಿಗಿಂತ ಕಾಲ ತೀರಾ ನಿಧಾನವಾಗಿ ಸಾಗುವ ನಕ್ಷತ್ರನೌಕೆಯಲ್ಲಿ ದುಡಿದು ನಿವೃತ್ತಳಾಗಿ ಬಂದ ನೀಲಗಂಗಾಗೆ ದಾಖಲೆಯಲ್ಲಿ ಎಪ್ಪತ್ತೆರಡು, ಮೈಯಲ್ಲಿ ಮೂವತ್ತೈದು. ಪ್ರತಿ ಶನಿವಾರ ತಮ್ಮನನ್ನು ಹೊರಡಿಸಿಕೊಂಡು ಊರು ಸುತ್ತುತ್ತಾಳೆ. ಈ ವಾರ ಆಕೆಗೆ ನೌಕೆಯಿಂದ ಮತ್ತೆ ಕರೆ ಬಂದಿತ್ತು. ಹೋದರೆ, ಆಕೆ ಮರಳುವ ಹೊತ್ತಿಗೆ ಮಾಸ್ತರರು ಇರುವುದಿಲ್ಲ.

"ಮತ್ತ ಕರದಾರಂತಲ್ಲ?"

"ಬರಾಂಗಿಲ್ಲ ಅಂತ ಬರದ ಕಳಿಸೇನಿ." ಆಕೆ ಶೇಂಗಾ ಸುಲಿದು ತಮ್ಮನ ಅಂಗೈಗೆ ಹಾಕಿದಳು. "ಊರಾಗ ಎಲ್ಲಾರೂ ನನಗ ತಂಗಿ ಅಂತಾರ. ಅಕ್ಕಾ ಅನ್ನಾಕ ನೀ ಒಬ್ಬನ ಉಳದೀದಿ. ಸುಮ್ಮನ ತಿನ್ನು."

ಮಾಸ್ತರರು ಸುಮ್ಮನೆ ತಿಂದರು. ಅಕ್ಕನ ಮಾತನ್ನು ಇಷ್ಟು ಸಂತೋಷದಿಂದ ಅವರು ಎಂದೂ ಕೇಳಿರಲಿಲ್ಲ.