ಕೆಳಮನೆಯ ಬಡಿತ

ಧಡ್! ನೆಲದಡಿಯಿಂದ ಮತ್ತೆ ಬಡಿತ ಬಂತು. ಕೇದಾರ್ ಕೀಬೋರ್ಡಿನಿಂದ ಕೈ ತೆಗೆದು ಟೇಪ್‌ರೆಕಾರ್ಡರ್ ನಿಲ್ಲಿಸಿದ.

"ಶುರು ಅಚ್ಕೊಂಡ್ಳು ಕಣ್ಲಾ ಮುದ್ಕಿ," ಎಂದು ಗೌರೀಶಂಕರ ಡ್ರಮ್ಮಿನ ಕಡ್ಡಿಗಳನ್ನು ಬಿಸಾಡಿದ. "ಇನ್ನೊಂದ್ ಕಿತ ಬಡೀಲಿ, ನಾನೇ ಕೆಳೀಕ್ ಓಯ್ತೀನಿ."

ಇದು 1996ರ ಮಾತು, ಹಾಸನದ ಒಂದು ಮಹಡಿ ಕೋಣೆಯಲ್ಲಿ. ಕೆಳಗೆ ಮನೆಯೊಡತಿ ಕಾವೇರಮ್ಮ ಒಬ್ಬರೇ. ಮೇಲೆ ಬಾಡಿಗೆಗೆ ಕೇದಾರ್ ಒಬ್ಬನೇ. ಭಾನುವಾರ ಉಳಿದಿಬ್ಬರು ಬಸ್ಸಿಳಿದು ಬಂದರೆ ಅದು ಬ್ಯಾಂಡ್ ಆಗುತ್ತಿತ್ತು. ನುಡಿಸುತ್ತಿದ್ದುದು ಪ್ರೋಗ್ರೆಸಿವ್ ರಾಕ್ ಎಂಬ ಪಾಶ್ಚಾತ್ಯ ಸಂಗೀತ; ಹಾಗಂದರೆ ಯಾವುದೋ ಹೊಸ ಗೊಬ್ಬರ ಇರಬೇಕು ಎಂದುಕೊಳ್ಳುತ್ತಿದ್ದ ಊರು. ಹದಿನೆಂಟು ನಿಮಿಷದ ಒಂದೇ ಹಾಡು, ನಡುವೆ ತಾಳವೇ ಬದಲು. ಯಾರಿಗೆ ಬೇಕಿತ್ತು?

ಹಾಗೆಂದು ಮೂವರೂ ಸಂಗೀತ ಗೊತ್ತಿಲ್ಲದವರೇನಲ್ಲ. ಚನ್ನರಾಯಪಟ್ಟಣದ ಜಯಂತನ ತಾಯಿ ವೀಣೆ ಪಾಠ ಹೇಳುತ್ತಿದ್ದರು; ಅವನ ಗಿಟಾರು ಮರೆತು ಒಮ್ಮೊಮ್ಮೆ ವೀಣೆಯ ಹಾಗೆ ಎಳೆಯುತ್ತಿತ್ತು. ಅರಕಲಗೂಡಿನ ಗೌರೀಶಂಕರನ ತಾತ ವೀರಗಾಸೆಯವರಿಗೆ ಚಮಾಳ ಬಾರಿಸಿದವರು. ಮೊಮ್ಮಗ ಅಪ್ಪನ ಅಂಗಡಿಯ ಎಣ್ಣೆ ಡಬ್ಬಗಳ ಮೇಲೆ ಕೈ ಪಳಗಿಸಿದ್ದ. ಹೊಳೆನರಸೀಪುರದ ಕೇದಾರ್ ಭಜನೆಮನೆಯ ಹಾರ್ಮೋನಿಯಂ ಹುಡುಗ. ಅಪ್ಪ ಅಮ್ಮ ತೀರಿಹೋಗಿದ್ದರು. ಕಚೇರಿಯಲ್ಲಿ ಟೈಪಿಂಗ್ ಕೆಲಸ. ಸೋಮವಾರದಿಂದ ಶನಿವಾರದವರೆಗೆ ಅವನನ್ನು ಊಟವಾಯಿತೇ ಎಂದು ಕೇಳುವವರಿರಲಿಲ್ಲ. ಬ್ಯಾಂಡ್ ಹೋದರೆ ಭಾನುವಾರವೂ ಹಾಗೇ.

ಅದು ಹೋಗುವ ಹಾಗೂ ಇತ್ತು. ಬೆಂಗಳೂರಿನ ಸ್ಪರ್ಧೆಗೆ ಕ್ಯಾಸೆಟ್ ಕಳಿಸಬೇಕು. ಅದೂ ಆಗದಿದ್ದರೆ ತಾನು ಬಿಟ್ಟೆ ಎಂದು ಜಯಂತ್ ಹೇಳಿಬಿಟ್ಟಿದ್ದ. ಪ್ರತಿ ಸಲ ರೆಕಾರ್ಡ್ ಮಾಡಿದಾಗಲೂ ಈ ಬಡಿತ. ನಾಲ್ಕೇಟಿನ ತಾಳದ ಸಲೀಸು ಭಾಗಕ್ಕೆ ಕಾವೇರಮ್ಮನ ತಕರಾರಿಲ್ಲ. ಏಳೇಟಿನ ಭಾಗ ಬಂತೋ, ಮಡಿಬಟ್ಟೆ ಒಣಹಾಕುವ ಉದ್ದನೆಯ ಕೋಲಿನಿಂದ ಸೂರು ಕುಟ್ಟುವುದೇ.

"ನಮ್ಮ ಗದ್ದಲ ಅಲ್ಲೇ ತಾನೇ ಜಾಸ್ತಿ," ಎಂದ ಜಯಂತ್.

ಮುದುಕಿಯ ಬಾಯಿಯೂ ಕಡಿಮೆಯದಲ್ಲ. ಬೆಳಿಗ್ಗೆ ನಲ್ಲಿಯ ಹತ್ತಿರ ಕೇದಾರ್ ಸಿಕ್ಕರೆ, "ಏನಪ್ಪಾ, ನಿನ್ನೆ ಅಷ್ಟು ಬೇಗ ನಿಲ್ಲಿಸ್ಬಿಟ್ರಿ?" ಎನ್ನುವರು. ಮುಖದಲ್ಲಿ ನಗುವಿಲ್ಲ. ಒಮ್ಮೆ, "ಆ ಡ್ರಮ್ ಹುಡುಗನ ಕೈಗೆ ಏನಾದ್ರೂ ಆಗಿದ್ಯಾ?" ಎಂದೂ ಕೇಳಿದ್ದರು. ಅದನ್ನು ಕೇಳಿ ಗೌರೀಶಂಕರನಿಗೆ ಮೈಯೆಲ್ಲ ಉರಿದಿತ್ತು.

ಆ ಭಾನುವಾರ ಮತ್ತೆ ಬಡಿತ ಬಿದ್ದಾಗ ಅವನು ದಡದಡ ಕೆಳಗಿಳಿದ. ಕೇದಾರ್ ಹಿಂದೆಯೇ ಓಡಿದ. ಬಾಗಿಲು ತೆರೆದೇ ಇತ್ತು. ಕಾವೇರಮ್ಮ ಕೋಲು ಹಿಡಿದು ನಿಂತಿದ್ದರು, ಏದುಸಿರು ಬಿಡುತ್ತ. ಗೋಡೆಯ ಮೇಲೆ ಅವರ ತಂದೆಯ ಪಟ, ಅದರ ಕೆಳಗೆ ಬಟ್ಟೆ ಹೊದಿಸಿದ ಮೃದಂಗ. ಗೌರೀಶಂಕರ ಅಭ್ಯಾಸಬಲದಿಂದ ಅದರತ್ತ ಕೈ ಚಾಚಿದ.

"ಮುಟ್ಬೇಡಪ್ಪಾ. ಹೆಣ್ಣುಮಗಳು ಅಂತ ಅಪ್ಪ ನನಗೇ ಮುಟ್ಟೋಕೆ ಬಿಡಲಿಲ್ಲ."

"ಓಗ್ಲಿ ಬಿಡಿ. ಈ ಬಡಿಯೋದ್ನ ಯಾವಾಗ್ ನಿಲ್ಸ್ತೀರಾ ಅಮ್ಮಾರೇ?"

"ನೀವು ನಿಲ್ಲಿಸಿದಾಗ," ಎಂದರು ಕಾವೇರಮ್ಮ.

ಇನ್ನೇನು ಮಾತು? "ಮೃದಂಗದವರ ಮನೆ. ನಮ್ಮದು ಅವರ ಕಿವಿಗೆ ಕಾದ ಸೀಸ ಹುಯ್ದ ಹಾಗಿರತ್ತೆ," ಎಂದ ಕೇದಾರ್, ಮೆಟ್ಟಿಲು ಹತ್ತುತ್ತ. ಜಯಂತ್ ಆಗಲೇ ಗಿಟಾರನ್ನು ಚೀಲಕ್ಕೆ ತುಂಬಿದ್ದ. "ರೂಮು ಬದಲಾಯಿಸು. ಇಲ್ಲಾಂದ್ರೆ ನಾನು ಬರಲ್ಲ."

ಕೇದಾರ್ ಬದಲಾಯಿಸಿದ. ಬೀಗದ ಕೈ ಕೊಡಲು ಹೋದಾಗ ಕಾವೇರಮ್ಮ ಅದನ್ನೇ ನೋಡುತ್ತ ನಿಂತರು.

"ಹಾಗಾದ್ರೆ ಮುಂದಿನ ಭಾನುವಾರ?"

"ಇನ್ಮೇಲೆ ನಿಮಗೆ ತೊಂದರೆ ಇರಲ್ಲಮ್ಮ."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊಸ ರೂಮು ಊರಾಚೆಯ ಗೋದಾಮು. ಕೆಳಗೆ ಬರೀ ಮಣ್ಣು, ಸುತ್ತ ಯಾರೂ ಇಲ್ಲ. ಇನ್ನೇನು ಕ್ಯಾಸೆಟ್ ಮುಗಿದೇ ಹೋಯಿತು ಎಂದುಕೊಂಡರು. ಆದರೆ ಏಳೇಟಿನ ಭಾಗದಲ್ಲಿ ತಾಳ ನಿಲ್ಲಲೇ ಇಲ್ಲ. ಐದನೇ ಏಟಿಗೆ ಬರುವಷ್ಟರಲ್ಲಿ ಮೂವರೂ ಮೂರು ದಾರಿ. ಹಳೇ ರೂಮಿನಲ್ಲಿ ಅಷ್ಟೆಲ್ಲ ಕಾಟದ ನಡುವೆಯೂ ಸಲೀಸಾಗಿ ದಾಟುತ್ತಿದ್ದ ಜಾಗ ಅದು! ಗೌರೀಶಂಕರ ಜಯಂತನನ್ನು ಬೈದ, ಜಯಂತ್ ಕೇದಾರನನ್ನು ಬೈದ. ಒಂದು ಭಾನುವಾರ ಜಯಂತ್ ಬರಲಿಲ್ಲ. ಮುಂದಿನ ವಾರ ಗೌರೀಶಂಕರನೂ ಬರಲಿಲ್ಲ. ಕೇದಾರ್ ಸಂಜೆಯ ಕೊನೆಯ ಬಸ್ಸಿನವರೆಗೂ ನಿಲ್ದಾಣದಲ್ಲಿ ಕಾದು, ರೂಮಿಗೆ ಬಂದು ಅತ್ತ. ಆಮೇಲಾಮೇಲೆ ಅವನಿಗೆ ಎಲ್ಲಾ ವಾರಗಳೂ ಒಂದೇ ಆದವು.

2003ರಲ್ಲಿ ಒಂದು ದಿನ ಆ ಬೀದಿಯಲ್ಲಿ ನಡೆದು ಹೋಗುವಾಗ ಅದೇ ಮನೆಯ ಮುಂದೆ ಬಾಡಿಗೆಯ ಬೋರ್ಡು ಕಂಡಿತು. ಕಾಲು ತಾನಾಗಿ ನಿಂತಿತು. ಬಾಗಿಲು ತೆರೆದವಳು ಕಾವೇರಮ್ಮನ ತಮ್ಮನ ಮಗಳು ಹಂಸ.

"ಅತ್ತೆ ಹೋದ ತಿಂಗಳು ತೀರಿಕೊಂಡ್ರು," ಎಂದಳು. "ಅವರು ಇರೋವರೆಗೂ ಮೇಲಿನ ರೂಮನ್ನ ಯಾರಿಗೂ ಕೊಡಲಿಲ್ಲ."

ಮಡಿಕೋಲು ಮೂಲೆಯಲ್ಲಿ ಒರಗಿತ್ತು. ಸೂರಿನಲ್ಲಿ ಒಂದೇ ಜಾಗದ ಗಾರೆ ಅಂಗೈಯಷ್ಟು ಕಿತ್ತುಬಂದಿತ್ತು. ಅದನ್ನು ನೋಡಿ ಕೇದಾರನಿಗೆ ನಾಚಿಕೆಯಾಯಿತು.

"ಕೊನೆಗೆ ಆ ರೂಮಲ್ಲಿದ್ದವನು ನಾನೇ. ನಮ್ಮ ಗಲಾಟೆಯಿಂದ ಅವರ ಭಾನುವಾರಗಳೆಲ್ಲ ಹಾಳಾದವು. ಕ್ಷಮೆ ಕೇಳೋಕೂ ಆಗಲಿಲ್ಲ."

ಹಂಸ ಅವನ ಮುಖವನ್ನೇ ನೋಡಿದಳು.

"ನೀವಾ ಅದು? ಆಗೆಲ್ಲ ಭಾನುವಾರ ಊಟಕ್ಕೆ ಬನ್ನಿ ಅಂತ ಎಷ್ಟು ಕರೆದ್ರೂ ಅತ್ತೆ ಬರ್ತಿರಲಿಲ್ಲ. 'ಆಗಲ್ಲ ಕಣೇ, ನಮ್ಮ ಬ್ಯಾಂಡ್ ಪ್ರಾಕ್ಟೀಸ್ ಇದೆ. ನಾನಿಲ್ದಿದ್ರೆ ಹುಡುಗರಿಗೆ ಏಳೇಟು ನಿಲ್ಲಲ್ಲ' ಅಂತಿದ್ರು."